ಕಂಪನಿ ಸೀಟಿಗೆ ನಾನು ಕೊಟ್ಟ ಸರ್ಟಿಫಿಕೇಟು

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕಾರಿನ ಸೀಟಿನ ಮೇಲೆ ಒಂದು ಸಲ ಕೈಯಾಡಿಸಿದರೆ ಸಾಕು, ಹೊಲಿದವನು ಎಡಗೈಯವನೋ ಬಲಗೈಯವನೋ, ಆ ದಿನ ಹೆಂಡತಿಯ ಜೊತೆ ಜಗಳವಾಡಿದ್ದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ. ಶಿವಾಜಿನಗರದಲ್ಲಿ ನಲವತ್ತು ವರ್ಷ ಸೀಟು ಹೊಲಿದವಳು ನಾನು. ಹಾಗಾಗಿ ರಿಚರ್ಡ್ಸ್ ಟೌನಿನಿಂದ ಕರೆ ಬಂದಾಗ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಗಿ ಕರೆದರಲ್ಲ ಎಂದು ಸಿಟ್ಟು ಬಂತು, ಅಷ್ಟೇ!

ವಿಷಯ ಇಷ್ಟು. ಅಲ್ಲಿ ಫ್ರಾನ್ಸಿಸ್ ಸಾರ್ ಎನ್ನುವವರ ಬಳಿ ಎರಡೇ ಸೀಟಿನ, ಕೆಂಪು ಬಣ್ಣದ, ತಾತನ ಕಾಲದ ಸ್ಪೋರ್ಟ್ಸ್ ಕಾರಿದೆ. ತಯಾರಿಸಿದ ಕಂಪನಿಯೇ ಅದನ್ನು ಫಾರಿನ್ನಿನ ತನ್ನ ಕಾರ್ಖಾನೆಗೆ ತರಿಸಿಕೊಂಡು, ಪೂರ್ತಿ ಬಿಚ್ಚಿ, ಹೊಸದರಂತೆ ಮಾಡಿ ಕಳಿಸಿದ್ದಂತೆ. ಹಾಗೆಂದು ಹೇಳಿಯೇ ಯಾರೋ ಅವರಿಗೆ ಮಾರಿದ್ದರು. ಈಗ ಚೆನ್ನೈನವರೊಬ್ಬರು ಅದನ್ನು ಕೇಳುತ್ತಿದ್ದಾರೆ. ಎಲ್ಲವೂ ಕಂಪನಿಯ ಕೆಲಸವಾದರೆ ಒಂದು ಬೆಲೆ, ನಡುವೆ ಲೋಕಲ್ ಕೈ ಬಿದ್ದಿದ್ದರೆ ಇನ್ನೊಂದು ಬೆಲೆ. ಅದನ್ನು ಪರೀಕ್ಷಿಸಲು ದೀಪಕ್ ಎಂಬ ಇಂಜಿನಿಯರ್ ಬಂದಿದ್ದರು. ಅವರಿಗೆ ಇಂಜಿನ್ ಗೊತ್ತು, ಪೇಂಟ್ ಗೊತ್ತು. ಸೀಟಿಗೆ ಮಾತ್ರ ನಾನು ಬೇಕಾದೆ.

"ಅಮ್ಮ, ನೀವ್ ಹೇಳಿದ್ದು ಸರಿ ಬಂದ್ರೆ, ಇನ್ಮೇಲೆ ನಾನು ನೋಡೋ ಹಳೇ ಕಾರ್‌ಗಳ ಸೀಟ್ ಕೆಲಸ ಎಲ್ಲಾ ನಿಮ್ಗೇ" ಎಂದು ಫೋನಿನಲ್ಲಿ ಹೇಳಿದರು.

ಆ ಮಾತು ಕೇಳಿದಾಗಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಈಗಿನ ಕಾರುಗಳಿಗೆ ನನ್ನಂಥವಳು ಬೇಕಿಲ್ಲ. ಕವರ್ ಬೇಕೆಂದರೆ ಮೊಬೈಲ್ ಒತ್ತಿದರೆ ಮನೆಗೇ ಬರುತ್ತದೆ. ನನ್ನ ಮಿಷನ್ ಮೇಲೆ ಬೀದಿಬೆಕ್ಕು ಮರಿ ಹಾಕಿತ್ತು! ಈ ಕೆಲಸ ಸಿಕ್ಕಿದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಅಂದು ಬೆಳಿಗ್ಗೆ ಮೂರು ಸೀರೆ ಬದಲಾಯಿಸಿದೆ, ಎರಡು ಸಲ ಹಾಲು ಉಕ್ಕಿಸಿದೆ.

"ಪರೀಕ್ಷೆ ಇರೋದು ಕಾರಿಗಾ, ನಿಂಗಾ?" ಎಂದರು ನನ್ನ ಗಂಡ ಮುನಿಯಪ್ಪ. ನಾನು ಹೊಲಿಯುವ ಸೀಟಿಗೆ ತೆಂಗಿನ ನಾರು ತುಂಬುವ ಕೆಲಸ ಅವರದು.

"ನೀವು ಬಾಯಿ ಮುಚ್ಕೊಂಡು ಟಾರ್ಚ್ ಹಿಡ್ಕೊಂಡ್ ಬನ್ನಿ. ಅಷ್ಟ್ ಮಾಡಿ ಸಾಕು."

ನಾವು ಹೋದಾಗ ದೀಪಕ್ ಸಾರ್ ಕಾರಿನ ಮೈಮೇಲೆಲ್ಲ ಆಯಸ್ಕಾಂತ ಓಡಿಸುತ್ತಿದ್ದರು. ಅದು ಅಂಟದೆ ಜಾರಿದ ಕಡೆ ತಗಡು ಹೋಗಿ ಪುಟ್ಟಿ ಮೆತ್ತಿದೆ ಎಂದರ್ಥವಂತೆ. ಎಲ್ಲಿಯೂ ಜಾರಲಿಲ್ಲ. ಇಂಜಿನ್ ಮೇಲೆ ಕೊರೆದ ನಂಬರು ಕಾಗದದ ನಂಬರಿಗೆ ಸರಿಹೋಯಿತು. ಫ್ರಾನ್ಸಿಸ್ ಸಾರ್ ಕಾಲು ಸುಟ್ಟವರಂತೆ ಕಾರಿನ ಸುತ್ತ ತಿರುಗುತ್ತಿದ್ದರು.

"ಈಗ ಸೀಟು. ನೋಡಿ ಅಮ್ಮ" ಎಂದರು ದೀಪಕ್ ಸಾರ್.

ನಾನು ನೋಡಿದೆ. ಮುಟ್ಟಿದೆ. ಮೂಸಿದೆ. ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ಕಿವಿಯನ್ನೂ ಇಟ್ಟೆ.

"ಕಿವಿ ಯಾಕೇ ಇಡ್ತೀಯ? ಊರು, ಹೆಸರು ಹೇಳುತ್ತಾ ಅದು?" ಎಂದರು ನನ್ನವರು.

ಹೊಲಿಗೆ ಎಂಥದ್ದು ಅಂತೀರಿ! ಇರುವೆ ಸಾಲು ಹೋದ ಹಾಗೆ, ಒಂದೂ ಅತ್ತಿತ್ತ ಇಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟೆ.

"ಸಾರ್, ಇದು ನೂರಕ್ಕೆ ನೂರು ಕಂಪನಿ ಸೀಟು. ಈ ಥರ ಹೊಲಿಯೋ ಕೈ ನಮ್ಮ ಬೆಂಗಳೂರಲ್ಲಿ ಇನ್ನೂ ಹುಟ್ಟಿಲ್ಲ!"

ಫ್ರಾನ್ಸಿಸ್ ಸಾರ್ ನನಗೆ ಕೈ ಮುಗಿದರು. ಒಳಗಿನಿಂದ ಚಹಾ ಬಂತು, ಬೆಣ್ಣೆ ಬಿಸ್ಕತ್ತು ಬಂತು. ನನ್ನ ಗಂಡ ಮಾತ್ರ ಸೀಟಿನ ಕೆಳಗೆ ಬಗ್ಗಿ ಗೊಣಗಿದರು. "ಲೇ, ಇನ್ನೊಂದ್ಸಲ ನೋಡೇ. ಈ ಮೂಲೆ ಮಡಿಸಿರೋದು ಎಲ್ಲೋ ಕಂಡಂಗಿದೆ."

"ನೀವ್ ಯಾವಾಗ ಫಾರಿನ್‌ಗೆ ಹೋಗಿದ್ರಿ?"

ಎಲ್ಲರೂ ನಕ್ಕರು. ದೀಪಕ್ ಸಾರ್ ರಿಪೋರ್ಟ್ ಬರೆಯಲು ಪೆನ್ನು ತೆಗೆದರು. ಆಗಲೇ ಬಿಸ್ಕತ್ತು ತಿಂದು ಎದ್ದು ಬಂದಿದ್ದರೆ ನಾನು ಇವತ್ತು ದೊಡ್ಡ ಮನುಷ್ಯಳು. ಆದರೆ ಹೊಗಳಿಕೆ ತಲೆಗೇರಿತ್ತು.

"ಬರೀಬೇಡಿ ಸಾರ್. ಒಳಗಿನ ಕೆಲಸಾನೂ ತೋರಿಸ್ತೀನಿ, ನೋಡಿ ಕಲ್ತ್ಕೊಳ್ಳಿ."

ಯಾರೂ ಕೇಳಿರಲಿಲ್ಲ! ನಾನೇ ಬ್ಲೇಡು ತೆಗೆದು ಸೀಟಿನ ಅಂಚಿನಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿ ಒಳಗೆ ಕೈ ತೂರಿಸಿದೆ. ಬೆರಳಿಗೆ ಒಂದು ಪುಟ್ಟ ಗಂಟು ಸಿಕ್ಕಿತು.

ಆ ಗಂಟಿನ ಗುರುತು ನನಗೆ ಚೆನ್ನಾಗಿ ಗೊತ್ತಿತ್ತು. ಸೀಟು ಮುಚ್ಚುವ ಮುಂಚೆ ಬಟ್ಟೆಯ ತುಂಡಿನಲ್ಲಿ ಅರಿಶಿನ, ಕುಂಕುಮ, ಒಂದು ಬೇವಿನೆಲೆ ಕಟ್ಟಿ ಒಳಗಿಡಬೇಕು, ಕೂತವರು ಕೈಕಾಲು ಸಮೇತ ಮನೆಗೆ ಬರಲಿ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಇಡೀ ಶಿವಾಜಿನಗರದಲ್ಲಿ ಈ ಪದ್ಧತಿ ನಮ್ಮ ಒಂದೇ ಅಂಗಡಿಯದು!

ಗಂಟನ್ನು ಮುಷ್ಟಿಯಲ್ಲಿ ಅದುಮಿಕೊಂಡೆ.

"ಏನಮ್ಮ ಅದು?"

"ಏನಿಲ್ಲ ಸಾರ್, ಧೂಳು."

"ಕೊಡಿ, ನೋಡೋಣ."

ಕೊಟ್ಟೆ. ಅವರ ಅಂಗೈ ತುಂಬ ಕುಂಕುಮ.

"ಫಾರಿನ್ ಕಂಪನಿಯೋರು ಅರಿಶಿನ ಕುಂಕುಮ ಇಡ್ತಾರಾ ಅಮ್ಮ?"

"ಅವ್ರಿಗೂ ದೇವ್ರ ಭಯ ಇರಲ್ವಾ ಸಾರ್? ಆಯುಧಪೂಜೆ ದಿನ ಇಟ್ಟಿರ್ತಾರೆ."

ಅಷ್ಟರಲ್ಲಿ ನನ್ನ ಗಂಡ ಆ ಬಟ್ಟೆಯ ತುಂಡಿನ ಮೇಲೆ ಟಾರ್ಚ್ ಬಿಟ್ಟು ಕೂಗಿದರು. "ಲೇ, ಇದು ನಿನ್ ತಂಗಿ ಮದ್ವೇಲಿ ಉಟ್ಟಿದ್ದ ಹಸಿರು ಸೀರೆ ಅಲ್ವೇನೇ! ಸೆರಗು ಸುಟ್ಟೋಯ್ತು ಅಂತ ವಾರ ಅತ್ತಿದ್ಯಲ್ಲ!"

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಸೀರೆಯನ್ನು ಆ ಮನುಷ್ಯ ಗಮನಿಸಿದ್ದು ಅದೇ ಮೊದಲು.

ನೆನಪು ಆಮೇಲೆ ಬಂತು. ಬಹಳ ವರ್ಷದ ಹಿಂದೆ ಒಬ್ಬ ಬ್ರೋಕರ್ ಆಟೋದಲ್ಲಿ ಎರಡು ಬರೀ ಸೀಟಿನ ಫ್ರೇಮು, ಒಂದಿಷ್ಟು ಚರ್ಮ, ಕಂಪನಿ ಸೀಟಿನ ಒಂದು ಫೋಟೋ ತಂದು, ಹೀಗೇ ಹೊಲಿದುಕೊಡು ಎಂದಿದ್ದ. ಕಾರನ್ನು ನಾನು ನೋಡಿರಲೇ ಇಲ್ಲ.

ಇದನ್ನು ಹೇಳಿದ ಮೇಲೆ ಫ್ರಾನ್ಸಿಸ್ ಸಾರ್ ಬಿಸ್ಕತ್ತಿನ ತಟ್ಟೆಯನ್ನು ನನ್ನ ಮುಂದಿನಿಂದ ಮೆಲ್ಲಗೆ ಎಳೆದುಕೊಂಡರು. "ನಿಮ್ಮನ್ನ ಕರೆಸಿದ್ದೇ ನನ್ ಮಿಸ್ಟೇಕು" ಎಂದು ಮೆಟ್ಟಿಲ ಮೇಲೆ ಕುಸಿದರು. ಆದರೆ ದೀಪಕ್ ಸಾರ್ ನಗುತ್ತಿದ್ದರು.

"ಅಮ್ಮ, ನಾನೂ ಏಮಾರಿದೆ. ಅಂದ್ರೆ ನಿಮ್ ಕೈ ಕಂಪನಿ ಕೈಗಿಂತ ಕಡಿಮೆ ಏನಲ್ಲ. ಬಿಚ್ಚಿದ್ದನ್ನ ಇದ್ದ ಹಾಗೇ ಹೊಲಿದ್ಬಿಡಿ. ಚೆನ್ನೈನೋರಿಗೆ ನಿಜ ಹೇಳಿ ತೋರಿಸ್ತೀನಿ. ಅವ್ರು ಒಪ್ಪಿದ್ರೆ, ಫೋನಲ್ಲಿ ನಾನು ಕೊಟ್ಟ ಮಾತು ಮಾತೇ."

ಹೋದ ಜೀವ ಬಂತು! ದಬ್ಬಳ ಹಿಡಿದು ಕೂತೆ. ದಾರ ಪೋಣಿಸಲು ಐದು ಸಲ ಸೋತೆ. ಕೊನೆಗೆ ಗಂಡ ಪೋಣಿಸಿಕೊಟ್ಟರು. ಹೊಲಿಗೆ ಬಿಟ್ಟು ಬಹಳ ದಿನವಾದ ಕೈ ಮೊದಲಿನಂತೆ ಓಡಲಿಲ್ಲ, ಕಣ್ಣು ಮಂಜಾಯಿತು, ಎರಡು ಸಲ ಹೆಬ್ಬೆರಳನ್ನೇ ಸೀಟಿಗೆ ಹೊಲಿಯಲು ಹೋದೆ. ನಾಲ್ಕು ಬೆರಳಗಲ ಮುಗಿದಾಗ ನೋಡಿದರೆ, ಹೊಲಿಗೆ ರಸೆಲ್ ಮಾರ್ಕೆಟ್ ಮುಂದೆ ಜನ ತಪ್ಪಿಸಿಕೊಂಡು ಹೋಗುವ ಆಟೋದ ಹಾಗೆ ಅಲ್ಲಿಂದಿಲ್ಲಿಗೆ ಹೊರಳಿತ್ತು.

ದೀಪಕ್ ಸಾರ್ ಚೆನ್ನೈನವರಿಗೆ ವಿಡಿಯೋ ಕಾಲ್ ಮಾಡಿ ಸೀಟು ತೋರಿಸಿದರು. "ಇದು ಕಂಪನೀದಲ್ಲ ಸಾರ್. ಹಿಂದೆ ಇಲ್ಲೇ ಶಿವಾಜಿನಗರದ ಒಬ್ರು ಅಮ್ಮ ಹೊಲಿದಿದ್ದು" ಎಂದರು. ಆ ಕಡೆಯವರು ತಮಿಳಿನಲ್ಲಿ ಉತ್ತರ ಕೊಟ್ಟರು. ನನಗೆಲ್ಲ ಅರ್ಥವಾಯಿತು, ನಮ್ಮ ಶಿವಾಜಿನಗರ, ಕಂಟೋನ್ಮೆಂಟ್ ಕಡೆ ತಮಿಳು ಯಾರಿಗೆ ಬರುವುದಿಲ್ಲ!

ಹಳೆಯ ಹೊಲಿಗೆ ಅದ್ಭುತವಾಗಿದೆಯಂತೆ. ಲೋಕಲ್ ಆದರೂ ಪರವಾಗಿಲ್ಲ, ಬೆಲೆ ಸ್ವಲ್ಪ ಇಳಿಸಿದರೆ ಕಾರು ತೆಗೆದುಕೊಳ್ಳುತ್ತಾರಂತೆ. ಆದರೆ ಅಂಚಿನಲ್ಲಿ ಯಾರೋ ಈಗ ತಾನೇ ಕೈಯಿಟ್ಟು ಕೆಡಿಸಿದ್ದಾರಲ್ಲ, ಅವರನ್ನು ಮೊದಲು ಮನೆಗೆ ಕಳಿಸಬೇಕಂತೆ. ಆವತ್ತು ಹೊಲಿದ ಆ ಹೆಂಗಸನ್ನು ಹೇಗಾದರೂ ಹುಡುಕಿ ಕರೆಸಬೇಕಂತೆ. ಮುಂದಿನ ಕೆಲಸವನ್ನೆಲ್ಲ ಅವಳಿಗೇ ಕೊಡಬೇಕಂತೆ!

ನನ್ನ ಗಂಡ ಟಾರ್ಚ್ ಆರಿಸಿದರು. ದೀಪಕ್ ಸಾರ್ ಫೋನನ್ನು ಕೈಯಿಂದ ಮುಚ್ಚಿ ನನ್ನ ಮುಖ ನೋಡಿದರು.

"ಏನ್ ಹೇಳ್ಲಿ ಅಮ್ಮ?"

ನಾನು ದಬ್ಬಳವನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

"ಆಯಮ್ಮ ಸಿಗಲ್ಲ ಅಂತ ಹೇಳಿ ಸಾರ್. ಅಂಗಡಿ ಮುಚ್ಬಿಟ್ಲಂತೆ."