ಅತ್ತೆಯ ಎಡಗೈ ಮೇಲೆ ನಡೆದ ಪರೀಕ್ಷೆ

ನಾಲ್ಕೂವರೆಗೆ ಅನ್ನಕ್ಕಿಡಬೇಕು. ಅತ್ತೆಯನ್ನು ಎಡಕ್ಕೆ ಹೊರಳಿಸಬೇಕು. ಒದ್ದೆ ಹಾಸು ಎಳೆದು ಒಣಗಿದ್ದನ್ನು ಹಾಸಬೇಕು. ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕಬೇಕು, ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ಗಂಜಿ ಕುಡಿಸಬೇಕು, ಅವರು ಕುಡಿಯದಿದ್ದರೆ ಬೈಗುಳ ಕುಡಿಯಬೇಕು (ನಾನು). ಒಣಮೀನು ಹುರಿದು, ಹಾಸು ಒಗೆದು ಹರವುವ ಹೊತ್ತಿಗೆ ಬೆಳಗಾಗುತ್ತದೆ. ಇದನ್ನೇ ಬಿಳಿ ಸಮವಸ್ತ್ರ ತೊಟ್ಟು ಮಾಡಿದರೆ ನರ್ಸಿಂಗ್. ನೈಟಿ ತೊಟ್ಟು ಮಾಡಿದರೆ 'ಮನೇಲಿ ಸುಮ್ನೆ ಇದಾಳೆ'.

ಹೊರಳಿಸುವುದಕ್ಕೆ ಮಾತ್ರ ಇಬ್ಬರು ಬೇಕು. ನಾನು "ಒಂದು, ಎರಡು" ಎನ್ನುತ್ತೇನೆ. ಮಗಳು ಜೊನಾಲಿನ್ ಅರೆನಿದ್ದೆಯಲ್ಲೇ "ಮೂರು" ಎನ್ನುತ್ತಾಳೆ. ಈ ಮನೆಯಲ್ಲಿ ನನ್ನ ಮಾತಿಗೆ ಮಾತು ಸಿಗುವುದು ಬಹುಮಟ್ಟಿಗೆ ಅಲ್ಲಿ ಮಾತ್ರ. ಗಂಡ ರೊಹೆಲಿಯೊ ವರ್ಷಕ್ಕೆ ಹತ್ತು ತಿಂಗಳು ಹಡಗಿನಲ್ಲಿರುತ್ತಾನೆ. ಅತ್ತೆ ಪ್ಯೂರಿಂಗ್ ಅವರಿಗೆ ನನ್ನೊಡನೆ ಆಡಲು ಇಪ್ಪತ್ತೆರಡು ವರ್ಷಗಳಲ್ಲಿ ಎರಡೇ ವಾಕ್ಯ ಸಿಕ್ಕಿವೆ: "ಬಿಸಿ ಸಾಲ್ದು", "ಬಿಸಿ ಜಾಸ್ತಿಯಾಯ್ತು".

ಆ 'ಮೂರು' ಈಗ ನರ್ಸಿಂಗ್ ಓದಲು ಹೊರಟಿತ್ತು.

"ಮನಿಲಾದ್ದೇ ಆಗ್ಬೇಕು," ಎಂದ ರೊಹೆಲಿಯೊ, ಫೋನಿನ ಪರದೆಯಲ್ಲಿ ಅರ್ಧ ಮುಖ ತೋರಿಸುತ್ತ. "ನೂರು ವರ್ಷದ ಕಾಲೇಜು. ಕ್ಯಾಪ್ಟನ್‌ಗೂ ಹೇಳ್ಬಿಟ್ಟಿದೀನಿ. ನಾಳೆ ಅವಳು ಪಾಸಾದಾಗ ಗೇಟಿಗೆ ಬ್ಯಾನರ್ ಕಟ್ಟಲ್ವಾ? ಊರ ಕಾಲೇಜಾದ್ರೆ ಅದರ ಮೇಲೆ ಏನಂತ ಬರೆಸ್ಲಿ?"

"ಅವಳ ಹೆಸರು ಬರೆಸಿ."

"ಅದನ್ನ ಯಾರೇ ಓದ್ತಾರೆ?"

ನನ್ನ ಆಯ್ಕೆ ನಮ್ಮೂರಿನ ಕಬ್ಬಿಣದಂಗಡಿಯ ಮಹಡಿಯ ಮೇಲಿರುವ ಕಾಲೇಜು. ಅದರ ಕಿಟಕಿಯಿಂದ ನಮ್ಮ ಬಟ್ಟೆ ಹರವುವ ಹಗ್ಗ ಕಾಣುತ್ತದೆ. ವಿದ್ಯಾಸಂಸ್ಥೆಯೊಂದರಲ್ಲಿ ನಾನು ಹುಡುಕುತ್ತಿದ್ದ ಗುಣ ಅದೊಂದೇ. ಹಾಗೆಂದು ಬಾಯಿಬಿಟ್ಟು ಹೇಳಲಾದೀತೆ? ಆದ್ದರಿಂದ ಒಂದು ಘನ ಸಿದ್ಧಾಂತ ಮಂಡಿಸಿದೆ: ಕಾಲೇಜಿನ ಪ್ರತಿಷ್ಠೆಗೂ ನರ್ಸಿನ ಕೈಗುಣಕ್ಕೂ ಸಂಬಂಧವಿಲ್ಲ.

"ಯಾರು ಹೇಳಿದ್ದು?" ಎಂದಳು ಜೊನಾಲಿನ್.

ಪುರಾವೆ ಅತ್ತೆಯೇ ಒದಗಿಸಿದರು. ಅದೇ ವಾರ ಅವರಿಗೆ ಎದೆಯಲ್ಲಿ ಕಫ ಕಟ್ಟಿ ಜಿಲ್ಲಾ ಆಸ್ಪತ್ರೆ ಸೇರಿಸಬೇಕಾಯಿತು. ರೋಗಿಯ ಜೊತೆ ಮನೆಯವರೊಬ್ಬರು ಕಾವಲಿಗೆ ಇರಲೇಬೇಕು. ಆ 'ಒಬ್ಬರು' ಯಾರೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಐದು ದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಮಹಾಸಂಶೋಧನೆ ನಡೆಸಿದೆ. ಸೂಜಿ ಹಿಡಿದು ಬಂದವರಿಗೆಲ್ಲ ಒಂದೇ ಪ್ರಶ್ನೆ: "ಯಾವ ಕಾಲೇಜಪ್ಪ ನಿಂದು?" ಔಷಧದ ಚೀಟಿಗಳ ಬೆನ್ನಿಗೆ ಅಂಕ ಬರೆದೆ. ಮೊದಲ ಚುಚ್ಚಿಗೇ ನರ ಸಿಕ್ಕರೆ ಹತ್ತು. ಚುಚ್ಚುವ ಮೊದಲು ಹೇಳಿದರೆ ಐದು. ಕಾವಲಿಗಿದ್ದವಳಿಗೂ ಹೆಸರಿರಬಹುದೆಂದು ಊಹಿಸಿದರೆ ಇಪ್ಪತ್ತು. (ಪರೀಕ್ಷಾ ಕೇಂದ್ರ ಅತ್ತೆಯ ಎಡಗೈ. ಕೇಂದ್ರದ ಪ್ರತಿಭಟನೆಯನ್ನು ನಾನು ದಾಖಲಿಸಿಕೊಳ್ಳಲಿಲ್ಲ.)

ನೂರು ವರ್ಷದ ಕಾಲೇಜಿನ ಹುಡುಗಿ ಮೂರು ಸಲ ಚುಚ್ಚಿದಳು. ಅದೇ ಕಾಲೇಜಿನ ಇನ್ನೊಬ್ಬಳು ಒಂದೇ ಸಲಕ್ಕೆ ನರ ಹಿಡಿದು ನನ್ನ ಸಿದ್ಧಾಂತವನ್ನು ಅಲುಗಾಡಿಸಿದಳು. ಆಮೇಲೆ ಬಂದವನು ಎಡ್ಮಾರ್. ಒಂದೇ ಚುಚ್ಚು. ಮುಗಿಸಿ ನನ್ನ ಕಡೆ ತಿರುಗಿ, "ನೀವು ಊಟ ಮಾಡಿದ್ರಾ?" ಎಂದ.

ಆ ಪ್ರಶ್ನೆ ಕೇಳಿ ಎಷ್ಟು ವರ್ಷವಾಗಿತ್ತೆಂದು ಲೆಕ್ಕ ಹಾಕುತ್ತ ಉತ್ತರಿಸುವುದನ್ನೇ ಮರೆತೆ. ಅಷ್ಟರಲ್ಲಿ ಅವನು ನಾನು ಅತ್ತೆಯನ್ನು ಎತ್ತುವ ರೀತಿ ನೋಡಿ ಬೈದ. "ಹೀಗೆ ಎಳೆದ್ರೆ ನಿಮ್ಮ ಸೊಂಟ ಹೋಗತ್ತೆ. ಹಾಸನ್ನ ನಾಲ್ಕು ಮಡಿಕೆ ಮಾಡಿ ಕೆಳಗೆ ತೂರಿಸಿ. ಮಂಡಿ ಊರಿ, ನಿಮ್ಮ ಕಡೆಗೆ ಎಳ್ಕೊಳ್ಳಿ. ಒಬ್ಬರಿಗೇ ಆಗತ್ತೆ."

"ನಂಗೆ ಮಗಳಿದ್ದಾಳೆ," ಎಂದೆ, ಸ್ವಲ್ಪ ಬಿರುಸಾಗಿ.

ಅವನ ಕಾಲೇಜಿನ ಹೆಸರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇದಕ್ಕಿಂತ ಪುರಾವೆ ಬೇಕೆ? ಮನೆಗೆ ಬಂದವಳೇ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ.

ಜೊನಾಲಿನ್ ಎಲ್ಲವನ್ನೂ ಓದಿದಳು. "ನೀ ಹೇಳಿದ್ದೇ ಸರಿ ಅಮ್ಮ. ಹೆಸರಿಂದ ಏನೂ ಆಗಲ್ಲ. ಮನಿಲಾ ಬೇಡ."

ನಾನು ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಕಣ್ಣಲ್ಲೇ ಅಪ್ಪಿಕೊಂಡೆ.

"ಎಡ್ಮಾರ್ ಓದಿದ ಕಡೆಗೇ ಹೋಗ್ತೀನಿ. ಊಟ ತಂದಾಗ ನಾನೂ ಅವ್ರನ್ನ ವಿಚಾರಿಸ್ದೆ. ಪಕ್ಕದಲ್ಲೇ ದೊಡ್ಡ ಸರ್ಕಾರಿ ಆಸ್ಪತ್ರೆಯಂತೆ, ಬೇಗನೇ ವಾರ್ಡಿಗೆ ಇಳಿಸ್ತಾರಂತೆ. ಪರೀಕ್ಷೆಗೆ ಕೂತವರಲ್ಲಿ ಹೆಚ್ಚಿನವರು ಪಾಸಂತೆ."

"ಎಲ್ಲಿದೆ ಅದು?"

"ದವಾವ್‌ನಲ್ಲಿ."

ಮನಿಲಾ ವಿಮಾನದಲ್ಲಿ ಒಂದು ಗಂಟೆ. ದವಾವ್ ಎಂದರೆ ನಮ್ಮಂಥವರಿಗೆ ಎರಡು ದಿನದ ಸಮುದ್ರ.

"ನಮ್ಮೂರಲ್ಲೇ ಇದೆಯಲ್ಲೇ, ಹೆಸರಿಲ್ಲದ್ದು?"

"ಇಲ್ಲಿ ವಾರ್ಡೇ ಇಲ್ವಲ್ಲಮ್ಮ. ಅಭ್ಯಾಸಕ್ಕೆ ಒಂದು ಗೊಂಬೆಯಿದೆ. ಅದಕ್ಕೂ ಒಂದು ಕೈಯಿಲ್ಲ."

ರೊಹೆಲಿಯೊ ಎರಡು ದಿನ ಮುನಿಸಿಕೊಂಡ. ಮೂರನೆಯ ದಿನ, "ಕಾಲೇಜಿನ ಹೆಸರು ಸಣ್ಣಕ್ಷರದಲ್ಲಿ ಬರೆಸೋಣ. ಒಪ್ಪಿಗೆ ಪತ್ರಕ್ಕೆ ನೀನೇ ಸಹಿ ಹಾಕು, ಇಲ್ಲಿಂದ ನನ್ನ ಕೈ ಎಟುಕಲ್ಲ" ಎಂದ.

ಪತ್ರವನ್ನು ಅಕ್ಕಿ ಡಬ್ಬಿಯ ಕೆಳಗಿಟ್ಟೆ. ಕಾಲೇಜಿಗೆ ಕಳಿಸಲು ಶುಕ್ರವಾರ ಕೊನೆಯ ದಿನ. ಕಾಗದಗಳು ಮನೆಗಳಲ್ಲಿ ಕಳೆದುಹೋಗುತ್ತಲೇ ಇರುತ್ತವೆ. ಜೊನಾಲಿನ್ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಶುಕ್ರವಾರ ನಾಲ್ಕೂವರೆಗೆ ಅನ್ನಕ್ಕಿಟ್ಟೆ. ಮಗಳನ್ನು ಎಬ್ಬಿಸದೆ ಅತ್ತೆಯ ಕೋಣೆಗೆ ಹೋದೆ. ನನ್ನೊಡನೆ ನಾನೇ ಒಪ್ಪಂದ ಮಾಡಿಕೊಂಡಿದ್ದೆ: ಒಬ್ಬಳಿಂದ ಹೊರಳಿಸಲು ಆಗದಿದ್ದರೆ ಪತ್ರ ಡಬ್ಬಿಯ ಕೆಳಗೇ ಇರಲಿ. (ಆಗಬಾರದೆಂದು ಬಳೆಗಳನ್ನೂ ಬಿಚ್ಚಿರಲಿಲ್ಲ.) ಹಾಸು ಮಡಿಸಿ ತೂರಿಸಿದೆ. ಮಂಡಿ ಊರಿದೆ.

"ಒಂದು, ಎರಡು," ಎಂದೆ. ಅಭ್ಯಾಸಬಲದಿಂದ ಕಾದೆ.

"ಮೂರು ಅನ್ನೇ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ, "ಎಷ್ಟೊತ್ತು ಹೀಗೆ ಹಿಡ್ಕೊಂಡಿರ್ತೀಯಾ?"

ಇಪ್ಪತ್ತೆರಡು ವರ್ಷದಲ್ಲಿ ಮೂರನೆಯ ವಾಕ್ಯ. ಎಳೆದೆ. ಅವರು ನಯವಾಗಿ ಉರುಳಿ ಬಂದರು, ನನ್ನ ಕೊನೆಯ ನೆಪವನ್ನೂ ತಮ್ಮ ಮೈಯಡಿಗೆ ಹಾಕಿಕೊಂಡು.

ಅಡುಗೆಮನೆಗೆ ಬಂದೆ. ಅನ್ನ ಉಕ್ಕುತ್ತಿತ್ತು. ಉರಿ ತಗ್ಗಿಸಿದೆ. ಡಬ್ಬಿ ಎತ್ತಿ, ಪತ್ರಕ್ಕೆ ಅಂಟಿದ್ದ ಅಕ್ಕಿಯ ಪುಡಿ ಒರೆಸಿ, ಒಲೆಯ ಬೆಳಕಿನಲ್ಲಿ ಸಹಿ ಹಾಕಿದೆ. ಜೊನಾಲಿನ್ ಇನ್ನೂ ಮಲಗಿದ್ದಳು. ಎಬ್ಬಿಸಲಿಲ್ಲ.