ಶಿಖರದ ಬಂಡೆಯವರಿಗೆ ಲಿಫ್ಟ್ ರಿಪೇರಿಯವನ ಅಹವಾಲು

ಊರಿನ ಪಡುವಣ ದಿಕ್ಕಿನಲ್ಲಿ ಬೋಳು ನೆತ್ತಿ ಹೊತ್ತು ಕುಳಿತಿರುವ ಬೆಟ್ಟದ ತುತ್ತತುದಿಯ ಹಿರಿಯ ಬಂಡೆಯವರ ಸನ್ನಿಧಾನಕ್ಕೆ ಕೆಳಗಿನಿಂದ, ತೀರಾ ಕೆಳಗಿನಿಂದ, ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂಬುದು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತಿದೆ. ನಾವು ಅಷ್ಟು ಕ್ಷೇಮವಾಗಿಲ್ಲ. ನಾನು ಲಿಫ್ಟ್ ರಿಪೇರಿಯವನು. ಜನರನ್ನು ಮೇಲಕ್ಕೆ ಕಳುಹಿಸುವುದೇ ನನ್ನ ಹೊಟ್ಟೆಪಾಡಾದ್ದರಿಂದ ತಮ್ಮನ್ನು ಒಂದು ಬಗೆಯಲ್ಲಿ ಸಹೋದ್ಯೋಗಿ ಎಂದೇ ಭಾವಿಸಿ ಬರೆಯುತ್ತಿದ್ದೇನೆ. ಇದರ ಪ್ರತಿಗಳನ್ನು ನಾನು ನೋಡಿಕೊಳ್ಳುವ ಲಿಫ್ಟ್‌ಗಳಲ್ಲೆಲ್ಲ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ನಿಂತವರು ಏನನ್ನಾದರೂ ಓದಲೇಬೇಕಲ್ಲ.

ವಿಷಯ ಇಷ್ಟೇ. ಮದುವೆಯಾದಾಗಿನಿಂದ ನನ್ನ ಹೆಂಡತಿಗೆ ಒಂದೇ ಆಸೆ: ಒಂದು ಭಾನುವಾರ ಬೆಳಿಗ್ಗೆ ಹೊರಟು, ತಮ್ಮ ಮೇಲೆ ನನ್ನ ಪಕ್ಕ ನಿಂತು, ನಮ್ಮ ಮನೆ ಎಲ್ಲಿದೆಯೆಂದು ಬೆರಳು ತೋರಿಸಿ, ಸಂಜೆಯೊಳಗೆ ಇಳಿದು ಬರಬೇಕು. ಈ ಸಲ ಅವಳು ಸೌಟು ಹಿಡಿದುಕೊಂಡೇ "ನೀವು ಬರ್ತೀರೋ, ಇಲ್ಲ ನಾನು ಅಮ್ಮನ್ನ ಕರ್ಕೊಂಡು ಹೋಗ್ಲೋ?" ಎಂದು ಕೇಳಿದಾಗ, ಖಂಡಿತ ಬರುತ್ತೇನೆಂದು ಮಾತು ಕೊಟ್ಟು ಯೋಜನೆ ಹಾಕಲು ಕುಳಿತೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ಲಿಫ್ಟ್‌ಗೆ ಮನುಷ್ಯರು ಕಾಲಿಡುವ ಮೊದಲು ಅಷ್ಟೇ ತೂಕದ ಮರಳುಮೂಟೆಗಳನ್ನು ಹೇರಿ ಮೇಲೆ ಕಳುಹಿಸುತ್ತೇವೆ. ಅವು ಸುರಕ್ಷಿತವಾಗಿ ಇಳಿದು ಬಂದ ಮೇಲೆಯೇ ಜನ ಹತ್ತುವುದು. ತಾವು ಎಷ್ಟು ಕಾಲದಿಂದ ತಪಾಸಣೆಯಿಲ್ಲದೆ ಸೇವೆಯಲ್ಲಿದ್ದೀರೋ ನಾನರಿಯೆ, ಪರವಾನಗಿಯ ಫಲಕವಂತೂ ದುರ್ಬೀನಿನಲ್ಲೂ ಕಾಣಿಸಲಿಲ್ಲ. ಹಾಗಾಗಿ ಮನೆಮಂದಿಯ ತೂಕಕ್ಕೆ ಸರಿಯಾಗಿ ಮೂಟೆಗಳನ್ನು ಹೊಲಿಸಿ, ಹೆಂಡತಿ, ಅತ್ತೆ, ಭಾವಮೈದ, ನಾನು ಎಂದು ಚೀಟಿ ಕಟ್ಟಿ, ಹಜಾರದಲ್ಲಿ ಸಾಲಾಗಿ ನಿಲ್ಲಿಸಿದೆ. ಅತ್ತೆಯವರ ತೂಕ ಕೇಳುವ ಎದೆಗಾರಿಕೆ ನನಗಿಲ್ಲದ್ದರಿಂದ ಅದನ್ನು ಕಣ್ಣಂದಾಜಿನಲ್ಲೇ, ಸುರಕ್ಷತೆಯ ದೃಷ್ಟಿಯಿಂದ ತುಸು ಧಾರಾಳವಾಗಿ ತುಂಬಿಸಿದ್ದೆ. ಅವರು ಆ ಮೂಟೆಯನ್ನು ಒಂದು ಸುತ್ತು ಹಾಕಿ ನೋಡಿದವರು, ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ಒಂದು ವಾರ ಮೂಟೆಗಳು ಹೋಗಿ ಬರುವುದು, ಮುಂದಿನ ವಾರ ನಾವು ಹೋಗುವುದು ಎಂಬುದು ನನ್ನ ಯೋಜನೆ. ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊತ್ತು ಪಳಗಿದ ಭಾವಮೈದ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಅಲ್ಲ ಭಾವ, ಇದನ್ನೆಲ್ಲ ಹೊತ್ಕೊಂಡು ತುದಿ ಮುಟ್ಟಿದ್ರೆ, ನಾವೂ ಮುಟ್ಟಿದ ಹಾಗೇ ಅಲ್ವಾ?" ಎಂದ. ಆ ಪ್ರಶ್ನೆಯಲ್ಲಿ ಏನೋ ಐಬಿದೆಯೆಂದು ನನಗೆ ಈಗಲೂ ಅನಿಸುತ್ತದೆ. ಏನೆಂದು ಮಾತ್ರ ಹೊಳೆಯುತ್ತಿಲ್ಲ.

ನಿಜ ಹೇಳಿಬಿಡುತ್ತೇನೆ. ನನಗೆ ತಮ್ಮನ್ನು ಕಂಡರೆ ಭಯ. ಎಷ್ಟೇ ಎತ್ತರದ ಕಟ್ಟಡವಾದರೂ ನಾನು ಕೆಲಸ ಮಾಡುವ ಜಾಗಕ್ಕೆ ಸುತ್ತ ಗೋಡೆಯಿರುತ್ತದೆ, ತಲೆಯ ಮೇಲೆ ಉಕ್ಕಿನ ಹಗ್ಗವಿರುತ್ತದೆ. ತಮ್ಮ ಸುತ್ತ ಬರೀ ಗಾಳಿ, ಮೇಲಿನಿಂದ ತಮ್ಮನ್ನು ಯಾವುದೂ ಹಿಡಿದುಕೊಂಡಿಲ್ಲ. ಇದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿಯೇ ನಾನು ಮೂಟೆ ಹೊಲಿಸುತ್ತಾ ದಿನ ತಳ್ಳಿದ್ದು. ಇಂಥ ನಿರಾಧಾರ ಸ್ಥಿತಿಯಲ್ಲೂ ಉರುಳದೆ ನಿಂತಿರುವ ತಮ್ಮ ಕರ್ತವ್ಯನಿಷ್ಠೆಯನ್ನು ಮನಸಾರೆ ಕೊಂಡಾಡುತ್ತಾ ಕೇಳಿಕೊಳ್ಳುವುದೇನೆಂದರೆ, ಒಂದೇ ಒಂದು ಭಾನುವಾರದ ಮಟ್ಟಿಗೆ ತಾವು ನಮ್ಮ ಮೂರನೇ ಮಹಡಿಯಷ್ಟಕ್ಕೆ ತಗ್ಗಬಹುದೇ? ಬೆನ್ನುನೋವಿನಿಂದ ಅದು ಕಷ್ಟವಾದರೆ, ನಮ್ಮ ಕಟ್ಟಡದ ಹಿಂದಿನ ಸೈಕಲ್ ನಿಲ್ಲಿಸುವ ಜಾಗಕ್ಕೆ ತಾವೇ ಒಂದು ಗಳಿಗೆ ಬಂದು ಹೋಗಬಹುದೇ? ಕಾಲೊರೆಸಿಕೊಳ್ಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಎರಡೂ ಆಗದಿದ್ದರೆ, ಹಿಡಿಕೆಯನ್ನೂ ಒತ್ತಿದರೆ ಯಾರಾದರೂ ಓಡಿಬರುವಂಥ ಗಂಟೆಯನ್ನೂ ತಮ್ಮ ಪಕ್ಕೆಲುಬಿಗೆ ಜೋಡಿಸಲು ಅನುಮತಿ ಕೊಡಿ.

ಇದನ್ನೆಲ್ಲ ತಮಗೆ ಬರೆಯಬೇಕೆಂದು ನಾನು ಯೋಚಿಸುತ್ತಿರುವಾಗಲೇ, ಕಳೆದ ಭಾನುವಾರ ಮನೆಯವರೆಲ್ಲ ನನ್ನನ್ನು ಬಿಟ್ಟು ಹೊರಟೇಬಿಟ್ಟರು. ಹೋಗುವಾಗ ನನ್ನ ಮೂಟೆಯ ಬಾಯಿ ಬಿಚ್ಚಿ, ಊಟದ ಡಬ್ಬಿಯೊಂದಕ್ಕೆ ನನ್ನಿಂದ ಒಂದು ಹಿಡಿ ತುಂಬಿಕೊಂಡರು. ತಮ್ಮ ನೆತ್ತಿಯ ಮೇಲೆ ಆ ಡಬ್ಬಿ ಬಗ್ಗಿಸಿ, ನನ್ನ ಹೆಂಡತಿ ಆ ಮರಳಿಗೆ "ನೋಡ್ರೀ, ಅಲ್ಲಿದೆ ನಮ್ಮನೆ" ಎಂದು ಬೆರಳು ತೋರಿಸುತ್ತಿದ್ದಾಗ, ಸುತ್ತಲಿದ್ದ ಅಪರಿಚಿತರು ಟೋಪಿ ತೆಗೆದು ತಲೆತಗ್ಗಿಸಿ ನಿಂತರಂತೆ. ಒಬ್ಬಾಕೆ ಹತ್ತಿರ ಬಂದು "ಹೇಗಿದ್ರು, ಪಾಪ?" ಎಂದು ಕೇಳಿದ್ದಕ್ಕೆ ನಮ್ಮ ಅತ್ತೆಯವರು, "ಒಳ್ಳೇವನೇ. ಹೊರಡೋದಕ್ಕೇ ತುಂಬಾ ಸತಾಯಿಸ್ತಿದ್ದ" ಎಂದರಂತೆ.

ಹೆಂಡತಿ ಇದನ್ನು ಬಿದ್ದು ಬಿದ್ದು ನಗುತ್ತಾ ಹೇಳಿದಳು. ಆದರೆ ಡಬ್ಬಿ ತೊಳೆಯುತ್ತಾ ನಿಂತಾಗ ನಗು ನಿಂತಿತು, "ನೀವಿರಬೇಕಿತ್ತು" ಎಂದಳು. ಮಾನ್ಯರೇ, ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಭಯದ ವಿಷಯವನ್ನು ಅಲ್ಲೇ, ನಲ್ಲಿಯ ಪಕ್ಕದಲ್ಲೇ ಒಪ್ಪಿಸಿಬಿಟ್ಟೆ. ತಮ್ಮ ಬಿರುಕುಗಳಲ್ಲಿ ನನ್ನ ಪರವಾಗಿ ಉಳಿದಿರುವ ಆ ಒಂದು ಹಿಡಿಯನ್ನು ಗಾಳಿಗೆ ಬಿಡದೆ ಕಾಪಾಡಿ, ಮತ್ತು ಯಾರಾದರೂ ಸಂತಾಪ ಸೂಚಿಸಲು ಬಂದರೆ ದಯವಿಟ್ಟು ಸ್ವೀಕರಿಸಬೇಡಿ.

ಇನ್ನೂ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಲಿಫ್ಟ್ ರಿಪೇರಿಯವನು

ವಿ.ಸೂ.: ಬಂಡೆಗೆ ಬಟವಾಡೆ ಇಲ್ಲವೆಂದು ಅಂಚೆಯವರು ಈ ಪತ್ರವನ್ನು ಹಿಂದಿರುಗಿಸಿದ್ದಾರೆ. "ಹಾಗಾದ್ರೆ ನೀವೇ ಕೊಟ್ಟು ಬನ್ನಿ. ಮೇಲೆ ಹಗ್ಗ ಇಲ್ದಿದ್ರೇನು, ಹಿಂದಿನಿಂದ ಬೆಲ್ಟ್ ನಾನು ಹಿಡ್ಕೋತೀನಿ" ಎಂದಿದ್ದಾಳೆ ಹೆಂಡತಿ. ಬರುವ ಭಾನುವಾರ ಹಾಜರಾಗುತ್ತೇನೆ. ಕಣ್ಣು ಮುಚ್ಚಿಕೊಂಡಿದ್ದರೆ ಅಗೌರವವೆಂದು ಭಾವಿಸಬಾರದು. ಅತ್ತೆಯವರು ತಮ್ಮ ಮೇಲೆ ಕುಳಿತಾಗ ತಾವು ಎಷ್ಟು ತಗ್ಗಿದಿರೆಂಬುದನ್ನು ಆಗ ಗುಟ್ಟಾಗಿ ತಿಳಿಸಿದರೆ, ಮೂಟೆಯ ಅಂದಾಜು ಸರಿಯಿತ್ತೆಂದು ನನಗೂ ಸಮಾಧಾನ. ಅವರು ಇದನ್ನು ಓದುವ ಭಯ ಬೇಡ: ನನ್ನ ರಿಪೇರಿಯ ಮೇಲೆ ನಂಬಿಕೆಯಿಲ್ಲದೆ ಅವರು ಎಲ್ಲಿಗೆ ಹೋದರೂ ಮೆಟ್ಟಿಲನ್ನೇ ಹತ್ತುತ್ತಾರೆ, ಬಹುಶಃ ಅದಕ್ಕೇ ತಮ್ಮಲ್ಲಿಗೆ ನನಗಿಂತ ಮೊದಲು ತಲುಪಿದರು.