ನಾಲ್ಕು ಹೆಜ್ಜೆಯ ನಿಯಮ

ಬೇರೆಯವರ ಕಾಲಿನ ವಿಷಯದಲ್ಲಿ ನಾನು ಬಹಳ ಧೈರ್ಯವಂತ. ಚಾಮರಾಜಪೇಟೆಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯನಾಗಿದ್ದ ಆ ದಿನಗಳಲ್ಲಿ, ಕಾಲು ಉಳುಕಿದವರೆಲ್ಲ ಎಕ್ಸ್‌ರೇ ಕೇಳುತ್ತಿದ್ದರು. ಮೂಳೆ ಮುರಿದಿಲ್ಲವೆಂದು ನಾನು ಹೇಳಿದರೆ ಸಾಲದು. ಫಿಲ್ಮನ್ನು ಮನೆಗೆ ಒಯ್ದು, ಕಿಟಕಿಯ ಬೆಳಕಿಗೆ ಹಿಡಿದು, ನೋಡಲು ಬಂದ ನೆಂಟರಿಗೆಲ್ಲ ತೋರಿಸಿದರೇ ಅವರಿಗೆ ಸಮಾಧಾನ.

ಗುರುವಾರ ಮಧ್ಯಾಹ್ನ ನಾವು ವೈದ್ಯರೆಲ್ಲ ಕಾಫಿ ಕುಡಿಯುತ್ತ, ದಿನವೂ ಮಾಡುವ ಚಿಕಿತ್ಸೆಗಳಿಗೆ ಸಂಶೋಧನೆಯ ಆಧಾರವಿದೆಯೇ ಎಂದು ಜಾಲಾಡುತ್ತಿದ್ದೆವು. ನಾನು ಎತ್ತಿಕೊಂಡದ್ದು ಈ ಉಳುಕನ್ನೇ. ಪಾದದ ಕೆಲವು ಮೂಳೆಗಳನ್ನು ಒತ್ತಿದಾಗ ನೋವಿಲ್ಲದಿದ್ದರೆ, ನಾಲ್ಕು ಹೆಜ್ಜೆ ನಡೆಯಲು ಆದರೆ, ಎಕ್ಸ್‌ರೇ ಬೇಡ ಎಂಬ ನಿಯಮವೊಂದಿದೆ. ಎಂಥವರ ಮೇಲೆ ಪರೀಕ್ಷಿಸಿದ್ದಾರೆ, ಮುರಿತಗಳೇನಾದರೂ ಕಣ್ತಪ್ಪಿವೆಯೇ, ಬೇರೆ ಊರುಗಳಲ್ಲೂ ಇದು ಸರಿಬಂದಿದೆಯೇ, ಎಲ್ಲವನ್ನೂ ಅಳೆದು ತೂಗಿ ಉಳಿದವರನ್ನು ಒಪ್ಪಿಸಿದೆ. ಎಕ್ಸ್‌ರೇ ಚೀಟಿಯಲ್ಲಿ ‘ಕಾರಣ’ ಎಂಬ ಸಾಲನ್ನೂ ಸೇರಿಸಿದೆ. ‘ಸಮಾಧಾನಕ್ಕೆ’ ಎಂದು ಯಾರಾದರೂ ಬರೆದರೆ ವಾಪಸ್ ಕಳಿಸಿ ಎಂದು ಎಕ್ಸ್‌ರೇ ತೆಗೆಯುವ ಶಿವಣ್ಣನವರಿಗೆ ಹೇಳಿಟ್ಟೆ, ನಾಲ್ಕು ಹೆಜ್ಜೆ ನಡೆಸಿ ನೋಡುವುದನ್ನೂ ಹೇಳಿಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಅವರೆಕಾಯಿ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿದೆ. ಮನೆಗೆ ಬರುವಷ್ಟರಲ್ಲಿ ಪಾದ ಪೂರಿಯಂತೆ ಊದಿತ್ತು. ಮೂಳೆಗಳನ್ನು ಒತ್ತಿಕೊಂಡೆ, ನೋವಿಲ್ಲ. ನಾಲ್ಕು ಹೆಜ್ಜೆ ನಡೆದೆ, ನಡೆದಾಯಿತು. ನಿಯಮದ ಪ್ರಕಾರ ಕಾಲು ನೆಟ್ಟಗಿತ್ತು. ಆದರೂ ಹೆದರಿಕೆ ಹೋಗಲಿಲ್ಲ. ಕಣ್ತಪ್ಪಿದ ಮುರಿತವೊಂದು ನನಗಾಗಿಯೇ ಕಾದು ಕುಳಿತಿರಬಹುದಲ್ಲ!

“ಸುಮ್ನೆ ಒತ್ಕೊಂಡು ಕೂತಿದೀಯಲ್ಲೋ, ಹೋಗಿ ಫಿಲ್ಮ್ ತೆಗೆಸ್ಕೊಂಡು ಬಾ” ಎಂದರು ಅಮ್ಮ. ಅಷ್ಟು ಹೇಳಿದ್ದೇ ತಡ, ಆಟೋ ಹತ್ತಿದೆ.

ಶಿವಣ್ಣನವರು ನನ್ನ ಚೀಟಿಯನ್ನು ಎರಡು ಸಲ ಓದಿದರು. “ಕಾರಣ ಬರ್ದಿಲ್ವಲ್ಲ ಸಾರ್?”

“ನೀವೇ ಏನಾದ್ರೂ ಬರ್ಕೊಳ್ಳಿ ಶಿವಣ್ಣ.”

“ನಾಲ್ಕು ಹೆಜ್ಜೆ ನಡೀರಿ ಸಾರ್, ನೋಡೋಣ.”

ಕುಂಟುತ್ತ ನಡೆದೆ. ಅವರು ಬೆರಳು ಮಡಿಸಿ ಎಣಿಸಿದರು. “ನಾಲ್ಕಾಯ್ತು. ನೀವೇ ಹೇಳ್ಕೊಟ್ಟಿದ್ದಲ್ವಾ ಸಾರ್?” ಎಂದು ಚೀಟಿಯನ್ನು ಬಹಳ ಮರ್ಯಾದೆಯಿಂದ ನನ್ನ ಕೈಗೇ ಕೊಟ್ಟರು. ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಅಮ್ಮ ಬಾಗಿಲಲ್ಲೇ ನಿಂತಿದ್ದರು. “ಎಲ್ಲೋ ಫಿಲ್ಮು?”

“ಬೇಡ ಅಂದ್ಬಿಟ್ರು ಅಮ್ಮ. ಅಲ್ಲಿ ಹಾಗೇ ರೂಲ್ಸು.”

“ಇಷ್ಟು ಊದಿರೋ ಕಾಲಿಗೆ ಬೇಡವಂತಾ? ಯಾವ ಡಾಕ್ಟ್ರು ಮಾಡಿದ್ದೋ ಆ ರೂಲ್ಸು?”

“ನಾನೇ.”

ಅಮ್ಮ ನನ್ನ ಮುಖವನ್ನೂ ಕಾಲನ್ನೂ ಒಮ್ಮೆ ನೋಡಿ, “ಬೇರೆ ಯಾರಾದ್ರೂ ಒಳ್ಳೆ ಡಾಕ್ಟ್ರಿಗೆ ತೋರಿಸ್ಕೊಳ್ಳಪ್ಪ” ಎಂದರು.

ಹತ್ತು ದಿನಕ್ಕೆ ಕಾಲು ತಾನಾಗಿ ಸರಿಹೋಯಿತು, ನಿಯಮವೇ ಗೆದ್ದಿತು. ಆದರೆ ಆ ಭಾನುವಾರ ನನಗೂ ಅಮ್ಮನ ಮಾತೇ ಸರಿಯೆನ್ನಿಸಿತ್ತು.